ಮಾವನ ನಾಲ್ಕು ಮಂದಿ

ನಮ್ಮ ಸೋದರಮಾವನಿಗೆ ಸ್ವಂತದ್ದು ಅಂತ ಒಂದು ಅಭಿಪ್ರಾಯವೂ ಇರಲಿಲ್ಲ. ಬೇಕಾದಾಗ ಓಣಿಯವರಿಂದ ಕೈಗಡ ತರುತ್ತಿದ್ದರು. "ನಾಲ್ಕು ಮಂದಿ ಏನಂದಾರು" ಎಂದು ನಾವೆಲ್ಲ ಚಿಂತೆ ಮಾಡಿ ಸುಮ್ಮನಾಗುತ್ತೇವೆ ತಾನೆ? ಇವರು ಹೋಗಿ ಕೇಳಿಕೊಂಡೇ ಬರುತ್ತಿದ್ದರು! ಇಚಲಕರಂಜಿಯ ಬಿಸಿಲು, ಎರಡೂ ಕಡೆ ಮಗ್ಗಗಳ ಖಟಖಟ, ಹಿಂದಿನ ಸೀಟಿನಲ್ಲಿ ಮಾವ, ಮುಂದೆ ಸ್ಕೂಟರ್ ಹೊಡೆಯುವ ನಾನು. ಸಾಕುಸಾಕಾಗಿ ಹೋಗಿತ್ತು.

ಒಮ್ಮೆ ಬಾಗಿಲಿಗೆ ಬಣ್ಣ ಹಚ್ಚಬೇಕಾಗಿತ್ತು. ಅರ್ಧ ಓಣಿ ಹಸಿರು ಎಂದಿತು, ಅರ್ಧ ನೀಲಿ ಎಂದಿತು. ಯಾರ ಮನಸ್ಸೂ ನೋಯಬಾರದೆಂದು ಮಾವ ಒಂದು ಕದಕ್ಕೆ ಹಸಿರು, ಇನ್ನೊಂದಕ್ಕೆ ನೀಲಿ ಹಚ್ಚಿಸಿದರು. ಎರಡೂ ಕಡೆಯವರು ಒಟ್ಟಿಗೆ ನಿಂತು ನಕ್ಕರು.

ಹೀಗಿರುವಾಗ ಕೊಲ್ಹಾಪುರದ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಜನಾಭಿಪ್ರಾಯ ಕೇಳಲು ಬಂದಳು. ವಿಧವೆಯರು ಮತ್ತೆ ಮದುವೆಯಾಗಬಹುದೆ ಎಂಬುದು ಅವಳ ಪ್ರಶ್ನೆ.

"ನಿಂದ್ರವ್ವಾ, ಕೇಳ್ಕೊಂಡ ಬರ್ತೇನಿ" ಎಂದು ಮಾವ ಚಪ್ಪಲಿ ಮೆಟ್ಟಿದರು.

"ಆಜೋಬಾ, ಅಜ್ಜಾರ, ನನಗ ನಿಮ್ಮ ಅಭಿಪ್ರಾಯ ಬೇಕ್ರಿ."

"ಅದನ್ನ ಕೇಳಾಕ ಹೊಂಟೇನಲ್ಲವ್ವಾ."

ಓಣಿಯವರೆಲ್ಲ ಬಂದು ನಿಂತರು. ಆಗಬೇಕು, ಆಗಲೇಬೇಕು ಎಂದರು. ಎದುರುಮನೆಯ ಪಾಟೀಲರಂತೂ ಸಣ್ಣ ಭಾಷಣವನ್ನೇ ಮಾಡಿದರು. ಒಳಗೆ ಮಾವನ ಮಗಳು ಕಸ್ತೂರಿ ಎಲ್ಲರಿಗೂ ಚಹಾ ಕುದಿಸುತ್ತಿದ್ದಳು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅವಳನ್ನು ಹುಡುಗಿಯೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಮುಂದೆ ಕಸ್ತೂರಿಗೇ ಒಂದು ಸಂಬಂಧ ಬಂತು. ಗಡಹಿಂಗ್ಲಜದಲ್ಲಿ ಸೈಕಲ್ ಅಂಗಡಿ ಇಟ್ಟವನು, ಹೆಂಡತಿ ತೀರಿಕೊಂಡವನು. ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಅವನೂ ಕಸ್ತೂರಿಯೂ ಮಾತಾಡಿದ್ದರಂತೆ. ರವಿವಾರದೊಳಗೆ ಹೇಳಿ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಅವನ ಮನೆಯವರು ತಿಳಿಸಿದರು. ಮಾವ ಮತ್ತೆ ಸ್ಕೂಟರ್ ಹತ್ತಿದರು.

"ವಿಚಾರ ಭಾಳ ಚಲೋ ಐತ್ರಿ" ಎಂದರು ಅದೇ ಪಾಟೀಲರು. "ಆದ್ರ ನಿಮ್ಮ ಮನ್ಯಾಗ ಯಾಕ?"

ಕೊಲ್ಹಾಪುರದ ಬೆಲ್ಲದ ಪೇಟೆಗೂ ಹೋದೆವು. ಅಲ್ಲಿ ಮಾವನ ಹಳೆಯ ಗೆಳೆಯ, "ನೂರಕ್ಕ ನೂರ ಒಪ್ತೇನಿ" ಎಂದ.

"ಹಂಗಾರ ನಿನ್ನ ತಮ್ಮಗ ಇಂಥಾಕಿನ್ನ ತರ್ತಿದ್ದೇನು?" ಎಂದು ಮಾವ ಕೇಳಿದರು.

ಗೆಳೆಯನಿಗೆ ಒಮ್ಮೆಲೇ ಬೆಲ್ಲ ತೂಗುವುದು ನೆನಪಾಯಿತು. ಆ ಹುಡುಗಿಯ ಮೊಬೈಲಿನಲ್ಲಿ ನಮ್ಮ ಮಂದಿ ಎಷ್ಟು ಮುಂದುವರಿದಿದ್ದರು! ಮೊಬೈಲಿನ ಹೊರಗೆ ಇನ್ನೂ ಹಾಸಿಗೆಯಿಂದಲೇ ಎದ್ದಿರಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ, ಬರೀ ಬೇಸರ ಬಂತು.

ರವಿವಾರ ಬೆಳಿಗ್ಗೆ ಮಾವ ರೊಟ್ಟಿ ಮುರಿಯುತ್ತ, "ಮಂದಿ ಬ್ಯಾಡ ಅಂತಾರ" ಎಂದರು.

ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಯಪ್ಪಾ, ಊರಾಗಿನ ಮಂದೀನೆಲ್ಲಾ ಕೇಳಿದಿ. ನನ್ನ ಒಂದ ಮಾತು ಕೇಳಲಿಲ್ಲ."

ಮಾವ ಕೈಯಲ್ಲಿನ ತುತ್ತನ್ನು ತಟ್ಟೆಗಿಟ್ಟರು. "ನಿನಗೇನ ಅನಸ್ತೈತವ್ವಾ?" ಎಂದರು.

"ನನಗ ಆಂವ ಹೌದು ಅನಸ್ತಾನ. ಮಾತಾಡೂಮುಂದ ನನ್ನ ಮಾರಿ ನೋಡಿ ಮಾತಾಡಿದಾ."

ಮಾವ ರೂಢಿಯಂತೆ ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೈ ಎತ್ತಿ ತಡೆದರು. "ನೀ ಏನೂ ಹೇಳಬ್ಯಾಡ. ಸ್ಕೂಟರ್ ತಗಿ. ಗಡಹಿಂಗ್ಲಜಕ್ಕ ಹೋಗೂಣು."

ಓಣಿಯ ತುದಿಯಲ್ಲಿ ಪಾಟೀಲರು ಅಡ್ಡ ಬಂದರು. "ಕಾಯ್ ಠರಲಂ? ಏನ್ ಗಟ್ಟಿ ಆತ್ರಿ? ಯಾರ್ಯಾರನ್ನ ಕೇಳಿದ್ರಿ?"

"ಮಗಳನ್ನ ಕೇಳೇನ್ರಿ" ಎಂದರು ಮಾವ.

ದಾರಿಯಲ್ಲಿನ ಕಾಗಲ ದಾಟುವವರೆಗೂ ಅವರು ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ಆದರೂ, ಗಾಡಿ ತಿರುಗಿಸು ಎಂದು ಅವರು ಹೇಳಲಿಲ್ಲ.