ಕಮಲಾಪುರದ ಮೇಲಿಂದ

ವೇದವ್ಯಾಸನಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಕಾರಣ ಒಂದೇ ಒಂದು ಸಾಲು. ಅದನ್ನು ಬರೆದವನೂ ಅವನೇ, ಅಳಿಸಲು ಮರೆತವನೂ ಅವನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಆ ಸಾಲು ಇದ್ದ ಯಂತ್ರದ ಪಾಸ್‌ವರ್ಡು ಕಂಪನಿಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗದಂತೆ ಎರಡು ವರ್ಷ ಜೋಪಾನ ಮಾಡಿದವನೂ ಅವನೇ.

ಅವನು ಕಲಬುರಗಿಯ ಒಂದು ಬೀಜದ ಕಂಪನಿಯಲ್ಲಿ ಕಂಪ್ಯೂಟರುಗಳ ಜಾಲ ನೋಡಿಕೊಳ್ಳುವವನು. ಕಂಪನಿಗೆ ಸೇಡಂ ರಸ್ತೆಯಲ್ಲಿ ಹೆಡ್ಡಾಫೀಸು, ಶರಣಸಿರಸಗಿಯಲ್ಲಿ ಗೋದಾಮು, ಕಮಲಾಪುರದಲ್ಲಿ ಶಾಖೆ. ಮೂರೂ ಕಡೆಗೆ ಮಾಹಿತಿಗೆ ದಾರಿ ತೋರುವ ಒಳ್ಳೆಯ ರೂಟರ್ ಬೇಕೆಂದು ಕೇಳಿದಾಗ ಮ್ಯಾನೇಜರ್ ಮಹಾದೇವಪ್ಪನವರು ಮೂಲೆ ಸೇರಿದ್ದ ಮೂರು ಹಳೆಯ ಕಂಪ್ಯೂಟರು ತೋರಿಸಿ, "ಇವು ಏನ್ ಪಾಪ ಮಾಡ್ಯಾವ?" ಎಂದಿದ್ದರು. ವೇದವ್ಯಾಸ ಅವುಗಳಿಗೆ ರೂಟರಿನ ಸಾಫ್ಟ್‌ವೇರ್ ಹಾಕಿ, ಯಾವ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂದು ಒಂದೊಂದೇ ಸಾಲು ಕೈಯಾರೆ ಬರೆದಿಟ್ಟ. ಇದಕ್ಕೆ ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಒಮ್ಮೆ ಬರೆದರೆ ಯಂತ್ರ ಅದನ್ನೇ ಹಿಡಿದು ಕೂರುತ್ತದೆ. ಮುಂದೆ ದಾರಿ ಕಡಿದು ಬಿದ್ದಿದ್ದರೂ ಅತ್ತಲೇ ಕಳಿಸುತ್ತದೆ. ಕಮಲಾಪುರದ ಕೇಬಲ್ಲು ವಾರಕ್ಕೆರಡು ಸಲ ಕಡಿದುಹೋಗುತ್ತಿತ್ತು. ಪ್ರತಿ ಸಲವೂ ವೇದವ್ಯಾಸ ಬಸ್ಸು ಹತ್ತಿ ಹೋಗಿ, ಎರಡು ಸಾಲು ತಿದ್ದಿ, ಬಸ್ಸು ಹತ್ತಿ ಬರುತ್ತಿದ್ದ.

ಇದನ್ನು ನೋಡಿ ನೋಡಿ ಮಹಾದೇವಪ್ಪನವರಿಗೆ ಅವನ ಮೇಲೆ ಕನಿಕರ ಹುಟ್ಟಿತು. ಮೇಲಿನವರ ಕನಿಕರ ಬಹಳ ಅಪಾಯದ್ದು. "ಇಷ್ಟ್ಯಾಕ ಅಡ್ಡಾಡ್ತೀರಿ ವ್ಯಾಸರಾವ್? ಆರು ತಿಂಗಳು ಅಲ್ಲೇ ಇದ್ದುಬಿಡ್ರಿ. ಶಾಖೆ ಹಿಂದ ಒಂದು ಖೋಲಿ ಅದ. ಹಗಲಾಗಲಿ ರಾತ್ರಿಯಾಗಲಿ, ಕೇಬಲ್ ಕಡದ ಕೂಡ್ಲೇ ಎದ್ದು ನೋಡಬಹುದು" ಎಂದು ಆದೇಶ ಟೈಪು ಮಾಡಿಸಿಯೇಬಿಟ್ಟರು. ಸಹಿಯೊಂದು ಬಾಕಿ.

ವೇದವ್ಯಾಸ ಆ ಹಾಳೆಯನ್ನು ಎರಡು ಸಲ ಓದಿದ. ಮದುವೆಯಾದ ಮೊದಲ ನಾಲ್ಕು ವರ್ಷ ಹೆಂಡತಿ ಮಂಜುಷಾ ಯಾದಗಿರಿಯ ಶಾಲೆಯಲ್ಲಿ, ಅವನು ಕಲಬುರಗಿಯಲ್ಲಿ. ವಾರಕ್ಕೊಮ್ಮೆ ಬೀಗರಂತೆ ಭೇಟಿಯಾಗುತ್ತಿದ್ದರು. ಎಂಟು ತಿಂಗಳ ಹಿಂದಷ್ಟೇ ಅವಳಿಗೆ ಈ ಊರಿನ ಶಾಲೆ ಸಿಕ್ಕಿ, ಇಬ್ಬರೂ ಒಂದೇ ಸೂರಿನಡಿ ಜಗಳವಾಡುವ ಭಾಗ್ಯ ಬಂದಿತ್ತು. ಆ ಭಾಗ್ಯವನ್ನು ಒಂದು ಕೇಬಲ್ಲಿಗಾಗಿ ಬಿಟ್ಟುಕೊಡಲು ಅವನಿಗೆ ಖಂಡಿತ ಮನಸ್ಸಿರಲಿಲ್ಲ.

"ಒಂದು ದಿನ ಕೊಡ್ರಿ ಸರ್," ಎಂದು ಅಂಗಲಾಚಿದ. "ರೂಟರುಗಳು ತಮ್ಮಷ್ಟಕ್ಕ ತಾವೇ ಮಾತಾಡಿಕೊಂಡು ದಾರಿ ಹುಡುಕೋ ಹಂಗ ಮಾಡ್ತೀನಿ. ಕಮಲಾಪುರದಾಗ ಮನಷಾರೇ ಬೇಕಾಗಿಲ್ಲ."

"ನಾಳೆ ಸಂಜಿ ಐದರ ತನಕ ನೋಡ್ತೀನಿ. ಆಗಲಿಲ್ಲಂದ್ರ ಸಹಿ," ಎಂದರು ಮಹಾದೇವಪ್ಪ.

ಆ ಸಂಜೆಯೇ ಅವನು ಹೆಡ್ಡಾಫೀಸಿನ ಮತ್ತು ಗೋದಾಮಿನ ಯಂತ್ರಗಳಿಗೆ ಹೊಸ ಪಾಠ ಕಲಿಸಿದ. ಮರುದಿನ ಬೆಳಿಗ್ಗೆ ಕಮಲಾಪುರಕ್ಕೆ ಹೊರಟು ನಿಂತಾಗ ಬಿಲ್ಲಿಂಗ್ ವಿಭಾಗದ ಸುಮಂಗಲಾ ತಡೆದು, ಏನು ಮಾಡಲು ಹೊರಟಿದ್ದೀರೆಂದು ಕೇಳಿದಳು.

"ನಿಮ್ಮ ಶಹಾಬಜಾರದ ಓಣ್ಯಾಗ ಯಾರ ಮನಿಗಿ ಹೆಣ್ಣ ನೋಡಾಕ ಬಂದಾರಂತ ನಿಮಗ ಹ್ಯಾಂಗ ಗೊತ್ತಾಗ್ತದ್ರಿ ಮೇಡಂ?"

"ಬಾಜೂ ಮನಿಯವರು ಹೇಳ್ತಾರ."

"ಅವರಿಗಿ?"

"ಅವರ ಬಾಜೂದವರು."

"ಇದೂ ಅಷ್ಟೇರಿ. ಪ್ರತಿ ರೂಟರು ತನಗ ಗೊತ್ತಿದ್ದ ದಾರಿ ಬಾಜೂ ರೂಟರಿಗಿ ಹೇಳ್ತದ. ರೂಟಿಂಗ್ ಪ್ರೊಟೊಕಾಲ್ ಅಂತಾರ."

ಸುಮಂಗಲಾ ಯೋಚಿಸಿದಳು. "ಹೇಳಿದ್ದು ಖರೇನೋ ಸುಳ್ಳೋ ಯಾರ್ ನೋಡ್ತಾರ್ರಿ?"

ವೇದವ್ಯಾಸ ದೊಡ್ಡವರಂತೆ ನಕ್ಕ. "ಯಂತ್ರ ಸುಳ್ಳ ಹೇಳಂಗಿಲ್ರಿ."

"ಹಂಗಾದ್ರ ಛಲೋ. ಬರುವಾಗ ನನಗೊಂದು ಡಜನ್ ಕೆಂಪು ಬಾಳೆಹಣ್ಣು." ಕಮಲಾಪುರಕ್ಕೆ ಯಾರೇ ಹೋದರೂ ಕೆಂಪು ಬಾಳೆಹಣ್ಣು ತರುವುದು ಆಫೀಸಿನ ಅಲಿಖಿತ ಕಾನೂನು. ಮೆಟ್ಟಿಲಿಳಿಯುವಷ್ಟರಲ್ಲಿ ಇನ್ನೂ ನಾಲ್ವರು ಹೇಳಿದರು. ಬಸ್ಸಿನಲ್ಲಿದ್ದಾಗ ಮಂಜುಷಾಳೂ ಫೋನು ಮಾಡಿ, "ರೀ, ನಮಗೂ ಅರ್ಧ ಡಜನ್" ಎಂದಳು.

ಕಮಲಾಪುರದ ಶಾಖೆ ನೋಡಿಕೊಳ್ಳುವವನು ದಿಲೀಪ. ಹುಟ್ಟಿದ್ದು ಬೆಳೆದದ್ದು ಅದೇ ಊರಿನಲ್ಲಿ. ಹೆಡ್ಡಾಫೀಸಿನವರು ತಮ್ಮ ಊರನ್ನು ಬಾಳೆಹಣ್ಣಿಗಷ್ಟೇ ನೆನೆಯುತ್ತಾರೆಂಬುದು ಅವನ ಬಹುದಿನದ ಕೊರಗು. ವೇದವ್ಯಾಸನಿಗೆ ಚಹಾ ತರಿಸಿಕೊಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ.

ವೇದವ್ಯಾಸ ಬೆರಳ ಲಟಿಕೆ ಮುರಿದು ಕೆಲಸ ಶುರು ಮಾಡಿದ. ಆ ಯಂತ್ರದಲ್ಲಿ ಅವನದೇ ಹಳೆಯ ಸಾಲುಗಳಿದ್ದವು. ಎಲ್ಲವನ್ನೂ ಅಳಿಸಿದ, ಒಂದನ್ನು ಬಿಟ್ಟು. ಕಿಟಕಿಯಲ್ಲಿ ಸಿಮ್ ಕಾರ್ಡು ಹಾಕಿದ ಒಂದು ಚಿಕ್ಕ ಡಬ್ಬಿ ಇತ್ತು. ಯಾವ ದಾರಿಯೂ ಇಲ್ಲದಿದ್ದಾಗ ಆ ಡಬ್ಬಿಯಿಂದಲೇ ಹೊರಜಗತ್ತಿಗೆ ಹೋಗು ಎಂದು ಎಂದೋ ಆಪತ್ತಿಗೆ ಬರೆದಿಟ್ಟ ಸಾಲು ಅದು. ಅದನ್ನು ಮರೆತು, "ನಿನಗೆ ಗೊತ್ತಿರುವುದನ್ನೆಲ್ಲ ನೆರೆಯವರಿಗೆ ಹೇಳು" ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟ. ಯಂತ್ರ ವಿಧೇಯವಾಗಿ ಸಾರಿತು: ಜಗತ್ತಿಗೆಲ್ಲ ದಾರಿ ನನ್ನ ಹತ್ತಿರ ಇದೆ, ಎಲ್ಲರೂ ನನ್ನ ಮೇಲೆ ಬನ್ನಿ.

ಇಷ್ಟಾದರೂ ಏನೂ ಕೆಡುತ್ತಿರಲಿಲ್ಲ. ಆದರೆ ಹಿಂದಿನ ಸಂಜೆ ವೇದವ್ಯಾಸ ಇನ್ನೊಂದು ಜಾಣತನ ಮಾಡಿದ್ದ. ನಿನ್ನ ಸ್ವಂತ ದಾರಿಗಿಂತ ನೆರೆಯವರು ಹೇಳಿದ ದಾರಿಗೇ ಬೆಲೆ ಕೊಡು ಎಂದು ಹೆಡ್ಡಾಫೀಸಿನ ಯಂತ್ರಕ್ಕೆ ಕಲಿಸಿ ಬಂದಿದ್ದ. ಅದು ನಂಬಿತು, ಗೋದಾಮಿನ ಯಂತ್ರಕ್ಕೂ ಅದನ್ನೇ ಹೇಳಿತು. ಹೆಡ್ಡಾಫೀಸಿನ ಮೂವತ್ತು ಕಂಪ್ಯೂಟರುಗಳ ಕೆಲಸವೆಲ್ಲ ಪಕ್ಕದ ಗೋಡೆಯಲ್ಲೇ ಇದ್ದ ದೊಡ್ಡ ಇಂಟರ್ನೆಟ್ ಲೈನು ಬಿಟ್ಟು, ಕಮಲಾಪುರಕ್ಕೆ ಬಂದು, ಆ ಡಬ್ಬಿಯೊಳಗೆ ನುಸುಳತೊಡಗಿತು. ಎದುರಿನ ಅಂಗಡಿಯ ಉಪ್ಪು ತರಲು ಮನುಷ್ಯ ಕಮಲಾಪುರದ ಬಸ್ಸು ಹತ್ತಿದ ಹಾಗೆ.

ಐದು ನಿಮಿಷದಲ್ಲಿ ಸುಮಂಗಲಾಳ ಫೋನು ಬಂತು. "ವ್ಯಾಸ ಸರ್, ಒಂದು ಬಿಲ್ಲೂ ಹೊಂಡವಲ್ದು! ತೊಗರಿ ಬೀಜಕ್ಕ ಬಂದ ಮಂದಿ ಬಾಗಿಲ ತನಕ ನಿಂತಾರ!"

ಅದು ಮುಗಿಯುವಷ್ಟರಲ್ಲಿ ಗೋದಾಮಿನ ಇಮಾಮುದ್ದೀನ್. "ಕ್ಯಾ ಹುವಾ ಸಾಬ್? ಸ್ಕ್ರೀನ್ ಮ್ಯಾಲ ಬರೇ ಚಕ್ರ ತಿರಗಾಕತ್ತದ. ಎರಡು ಲಾರಿ ನಿಂತಾವ."

ವೇದವ್ಯಾಸ ಪರದೆ ನೋಡಿದ. "ಅಯ್ಯಯ್ಯೋ! ಇಡೀ ಹೆಡ್ಡಾಫೀಸೇ ಕಮಲಾಪುರದ ಮ್ಯಾಲಿಂದ ಹೊಂಟದಲ್ಲೋ!" ಎಂದು ಬಾಯಿಬಿಟ್ಟು ಕೂಗಿದ.

ದಿಲೀಪ ಕುರ್ಚಿಯಿಂದ ಎದ್ದು ನಿಂತ. "ಸರ್, ಏನಂದ್ರಿ? ಹೆಡ್ಡಾಫೀಸು ನಮ್ಮ ಮ್ಯಾಲ ನಡದದ?"

"ನಡೆಯಾಕತ್ತಿಲ್ಲೋ ಮಾರಾಯ, ತೆವಳಾಕತ್ತದ!"

ದಿಲೀಪನ ಕಿವಿಗೆ ಎರಡನೆಯ ಮಾತು ಬೀಳಲಿಲ್ಲ. ಅವನಾಗಲೇ ಹೊರಗೆ ಹೋಗಿ ಇಮಾಮುದ್ದೀನನಿಗೆ ಫೋನು ಹಚ್ಚಿದ್ದ. "ಇವತ್ತಿಂದ ಕಲಬುರಗಿ ಆಫೀಸು ನಮ್ಮ ಕಮಲಾಪುರದ ಮ್ಯಾಲ ನಡೀತದ. ವ್ಯಾಸ ಸರ್ ಬಾಯಿಲೇ ಕೇಳೀನಿ." ಇಮಾಮುದ್ದೀನ್ ಸುಮಂಗಲಾಳಿಗೆ, "ಅಸಲಿ ಮಶೀನ್ ಕಮಲಾಪುರದಾಗೇ ಅದ ಅಂತ್ರಿ" ಎಂದ. ಸುಮಂಗಲಾ ಮಹಾದೇವಪ್ಪನವರ ಬಾಗಿಲಲ್ಲಿ ನಿಂತು, "ಸರ್, ಇನ್ನ ಮುಂದ ಎಲ್ಲಾ ಕಮಲಾಪುರದ್ದೇ ಕಾರಭಾರ ಅಂತ" ಎಂದಳು. ಈ ಸುದ್ದಿಗೆ ಯಾವ ಡಬ್ಬಿಯೂ ಬೇಕಾಗಲಿಲ್ಲ.

ಒಳಗೆ ವೇದವ್ಯಾಸ ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಹೆಡ್ಡಾಫೀಸಿನ ಯಂತ್ರವನ್ನು ಇಲ್ಲಿಂದಲೇ ಸರಿಪಡಿಸಲು ಹೋಗಿ ಸುಮ್ಮನೆ ಒಂದು ತಾಸು ಕಳೆದ. ಅಷ್ಟರಲ್ಲಿ ಡಬ್ಬಿಯ ಡೇಟಾ ಮುಗಿದು ಎಲ್ಲವೂ ಪೂರ್ತಿ ನಿಂತಿತು. ದಿಲೀಪ ಓಡಿ ಬಂದು, "ಚಿಂತಿ ಮಾಡಬ್ಯಾಡ್ರಿ ಸರ್, ನನ್ನ ಸ್ವಂತ ಫೋನಿನಾಗಿಂದ ರೀಚಾರ್ಜ್ ಮಾಡಿಸೀನಿ. ಊರ ಮರ್ಯಾದಿ ಪ್ರಶ್ನೆ" ಎಂದ. ಸಾಯುತ್ತಿದ್ದ ತಪ್ಪಿಗೆ ಮತ್ತೆ ಜೀವ ಬಂತು.

ಕೊನೆಗೆ ವೇದವ್ಯಾಸನಿಗೆ ಆ ಸಾಲು ಕಣ್ಣಿಗೆ ಬಿತ್ತು. ಕಣ್ಣೆದುರಿಗೇ ಇತ್ತು, ಬೆಳಗಿನಿಂದಲೂ. 'ಎಂಥ ಜಾಣನೋ ನೀನು' ಎಂದು ತನಗೆ ತಾನೇ ಬೈದುಕೊಂಡು ಅಳಿಸಿದ. ನಲವತ್ತು ಸೆಕೆಂಡಿನಲ್ಲಿ ಮೂರೂ ಯಂತ್ರಗಳು ಆ ಸುಳ್ಳನ್ನು ಮರೆತು ಸರಿದಾರಿಗೆ ಬಂದವು. ಬಿಲ್ಲುಗಳು ಹೊರಟವು, ಲಾರಿಗಳೂ ಹೊರಟವು. ಪರೀಕ್ಷೆಗೆಂದು ಹೆಡ್ಡಾಫೀಸಿಗೆ ಹೋಗುವ ಕೇಬಲ್ಲು ಕಿತ್ತು ನೋಡಿದ. ಯಂತ್ರ ತಾನೇ ಶರಣಸಿರಸಗಿಯ ಗೋದಾಮಿನ ದಾರಿ ಹಿಡಿಯಿತು. ಯಾರೂ ಏನೂ ತಿದ್ದಬೇಕಾಗಲಿಲ್ಲ.

ಅವನ ಕಣ್ಣಲ್ಲಿ ನೀರೇ ಬಂತು. ಮಂಜುಷಾಳಿಗೆ ಫೋನು ಮಾಡಿದ. "ಆತು ನೋಡು. ಇನ್ನ ಇಲ್ಲಿ ಯಾರೂ ಇರೋದು ಬೇಕಾಗಿಲ್ಲ."

"ಖರೇನ? ನನ್ನಾಣಿ?" ಎಂದಳು ಅವಳು. "ಬರ್ರಿ, ಸಂಜಿಗಿ ಹೂರಣದ ಹೋಳಿಗಿ ಮಾಡ್ತೀನಿ."

ಬಾಳೆಹಣ್ಣಿನ ಎರಡು ಚೀಲ ಹೊತ್ತು ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಆಫೀಸು ಮುಟ್ಟಿದ. ಬಾಗಿಲಲ್ಲೇ ಜನ ಮುತ್ತಿಕೊಂಡು ಚೀಲ ಇಸಿದುಕೊಂಡರು. ಮಹಾದೇವಪ್ಪನವರು ಎದ್ದು ಬಂದು ಕೈ ಕುಲುಕಿದರು, ಅವನ ಎದುರಿಗೇ ಹಳೆಯ ಆದೇಶವನ್ನು ಪರಪರ ಹರಿದು ಬುಟ್ಟಿಗೆ ಹಾಕಿದರು. ವೇದವ್ಯಾಸನಿಗೆ ಅವರ ಕಾಲಿಗೆ ಬೀಳೋಣವೆನಿಸಿತು.

"ಭೇಷ್ ವ್ಯಾಸರಾವ್! ಕೆಲಸ ಅಂದ್ರ ಇದು," ಎಂದು ಅವರು ಇನ್ನೊಂದು ಹಾಳೆ ಮುಂದಿಟ್ಟರು. ಇದಕ್ಕೆ ಸಹಿ ಆಗಿತ್ತು. ಜಾಲದ ಮುಖ್ಯಸ್ಥ, ಕೇಂದ್ರಸ್ಥಾನ ಕಮಲಾಪುರ, ಮುಂದಿನ ಆದೇಶದವರೆಗೆ.

"ಸರ್, ಇದೇನ್ರಿ?"

"ಕಂಪನಿ ಎಲ್ಲಾ ಕಮಲಾಪುರದ ಮ್ಯಾಲಿಂದ ನಡೆಯುವಾಗ ಮುಖ್ಯಸ್ಥ ಇಲ್ಲಿ ಕುಂತ್ರ ಹ್ಯಾಂಗ? ದಿಲೀಪ ಹೇಳಿದ, ಇಮಾಮುದ್ದೀನ್ ಹೇಳಿದ, ಸುಮಂಗಲಾ ಹೇಳಿದ್ರು. ಮೂರು ಮಂದಿಗೂ ಬ್ಯಾರೆ ಬ್ಯಾರೆ ಕೇಳಿದೆ, ಒಂದೇ ಮಾತು ಹೇಳ್ಯಾರ."

ಮೂವರೂ ಒಬ್ಬನಿಂದಲೇ ಕೇಳಿದವರು ಎಂದು ಹೇಳಬೇಕೆನಿಸಿತು ವೇದವ್ಯಾಸನಿಗೆ. ಇನ್ನು ಮುಚ್ಚಿಟ್ಟು ಫಲವಿಲ್ಲ. ಮರ್ಯಾದೆ ಹೋದರೆ ಹೋಗಲಿ, ಮನೆ ಉಳಿಯಲಿ ಎಂದು ಎಲ್ಲವನ್ನೂ ಒಪ್ಪಿಕೊಂಡ. "ಅದು ನನ್ನ ತಪ್ಪಿಂದ ಆದದ್ದು ಸರ್. ಒಂದು ಸಾಲು ಅಳಿಸೋದು ಮರತೆ. ಕಮಲಾಪುರದ ಮಶೀನು ಸುಳ್ಳ ಹೇಳಿತು, ಇಲ್ಲಿದು ನಂಬಿತು. ಎರಡು ತಾಸು ಆಫೀಸು ನಿಂತಿದ್ದು ಅದಕ್ಕೇ. ಈಗ ಎಲ್ಲಾ ಮೊದಲಿನಂಗೇ ಅದ."

ಮಹಾದೇವಪ್ಪನವರು ಕನ್ನಡಕ ತೆಗೆದು ಗಂಭೀರವಾಗಿ ಕೇಳಿದರು. "ಅಂದ್ರ, ಕಮಲಾಪುರದ ಮಶೀನು ಒಂದು ಸುಳ್ಳ ಹೇಳಿದ್ರ ಇಡೀ ಕಂಪನಿ ನಿಂತುಬಿಡ್ತದ?"

"ಹೌದ್ರಿ ಸರ್."

"ಹಂಗಿದ್ರ ಅಂಥಾ ಮಶೀನಿನ ಹತ್ರ ಹಗಲೂ ರಾತ್ರಿ ಒಬ್ಬ ಜವಾಬ್ದಾರಿ ಮನಷಾ ಕಾಯಬೇಕೋ ಬ್ಯಾಡೋ? ನೀವೇ ಹೇಳ್ರಿ."

ಸುಳ್ಳಿಗೂ ಕಮಲಾಪುರ, ನಿಜಕ್ಕೂ ಕಮಲಾಪುರ. ವೇದವ್ಯಾಸ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು ಹೊರಬಂದ.

ಫೋನು ಬಡಿದುಕೊಂಡಿತು. ಮಂಜುಷಾ. ಅವಳಿಗೆ ಹೇಗೆ ಹೇಳುವುದೆಂದು ಅವನು ತಡವರಿಸುವಷ್ಟರಲ್ಲಿ ಅವಳೇ ಅಂದಳು, "ಸುಮಂಗಲಾ ಅವರು ಫೋನ್ ಮಾಡಿದ್ರು. ನಿಮಗ ಬಡ್ತಿ ಸಿಕ್ಕದಂತಲ್ಲ, ಕಮಲಾಪುರಕ್ಕ." ಹಿಂದೆಯೇ ಸೇರಿಸಿದಳು, "ಹೋಳಿಗಿ ಮಾಡಿಟ್ಟೀನಿ, ಬಿಸಿ ಆರೂದ್ರಾಗ ಬರ್ರಿ. ಬಾಳೆಹಣ್ಣು ತಂದೀರಿಲ್ಲೋ?"

ವೇದವ್ಯಾಸ ಬಿಲ್ಲಿಂಗ್ ಮೇಜಿನ ಕಡೆ ನೋಡಿದ. ಎರಡೂ ಚೀಲ ಖಾಲಿ. ಸುಮಂಗಲಾ ಕೊನೆಯ ಹಣ್ಣು ಸುಲಿಯುತ್ತಾ, "ಇನ್ನ ಮ್ಯಾಲ ಪ್ರತಿ ಶನಿವಾರ ತರ್ತೀರಲ್ಲ ಸರ್?" ಎಂದಳು.

"ಶನಿವಾರ ತರ್ತೀನಿ," ಎಂದ ವೇದವ್ಯಾಸ, ಇಬ್ಬರಿಗೂ ಸೇರಿಸಿ.