ಬ್ರಿಟಿಷ್ ಮ್ಯಾನೇಜರ್ ಹಿಡಿದ ಬೋರ್ಡು

“ಭಾಯ್, ಇದನ್ನು ಸ್ವಲ್ಪ ಹಿಡ್ಕೊಳ್ಳಿ” ಎಂದು ಹಿಂದಿಯಲ್ಲಿ ಹೇಳಿ, ಗಲ್ಫಿನ ಏರ್‌ಪೋರ್ಟಿನಲ್ಲಿ ನಮ್ಮ ಕಂಪೆನಿ ಹೆಸರಿನ ಬೋರ್ಡನ್ನು ಎದುರಿಗೆ ಬಂದು ನಿಂತಿದ್ದ ಕಪ್ಪು ಮನುಷ್ಯನ ಕೈಗೆ ತುರುಕಿ, ನಾನು ಪಕ್ಕದಲ್ಲಿದ್ದ ಬಿಳಿಯವನ ಸೂಟ್‌ಕೇಸಿಗೆ ಕೈ ಹಾಕಿದೆ. ಕಪ್ಪು ಮನುಷ್ಯ ಏನೋ ಹೇಳಲು ಬಾಯಿ ತೆರೆದಿದ್ದರು. ಕೇಳಲು ನನಗೆ ಪುರಸೊತ್ತಿರಲಿಲ್ಲ. ಬ್ರಿಟಿಷ್ ಮ್ಯಾನೇಜರು ಬರುತ್ತಾರೆ, ಅವರು ಒಂದು ದೂರು ಹೇಳಿದರೂ ಖಲಾಸ್, ನಿನ್ನನ್ನು ಊರಿಗೆ ಕಳಿಸುತ್ತೇನೆ ಎಂದು ಮಾಲೀಕರು ಬೆಳಿಗ್ಗೆಯೇ ಹೇಳಿದ್ದರು. ಫ್ಯಾಕ್ಸಿನಲ್ಲಿ ಹೆಸರಿತ್ತಂತೆ, ನಾನು ಕೇಳಿರಲಿಲ್ಲ. ಬ್ರಿಟಿಷರನ್ನು ಗುರುತಿಸಲು ಹೆಸರು ಯಾಕೆ? ಕಂಪೆನಿಯ ಡ್ರೈವರ್ ನಾನು, ಏಳನೇ ಕ್ಲಾಸು ಫೇಲು, ಆದರೆ ಕಣ್ಣಿದೆ.

“ಬ್ರಿಟಿಷ್? ಮ್ಯಾನೇಜರ್?” ಎಂದು ಕೇಳಿದ್ದೆ. ಬಿಳಿಯವನು ಎರಡಕ್ಕೂ ತಲೆಯಾಡಿಸಿದ್ದ. ಎರಡೂ ನಿಜವೇ. ಬೇರೆ ಕಂಪೆನಿಯ ಮ್ಯಾನೇಜರ್, ಅಷ್ಟೆ. ಅದು ಗೊತ್ತಾಗಿದ್ದು ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎ.ಸಿ. ಹಾಕಿದ ಮೇಲೆ.

ಅವನನ್ನು ಇಳಿಸಿ ಓಡಿ ವಾಪಸು ಬಂದೆ. ಕಪ್ಪು ಮನುಷ್ಯ ಬೋರ್ಡನ್ನು ಎದೆಗೆ ಹಿಡಿದು ಹಾಗೆಯೇ ನಿಂತಿದ್ದರು. ಬೇರೆ ಯಾರೂ ಇರಲಿಲ್ಲ. “ನನ್ನ ಕೆಲಸ ಹೋಯ್ತು” ಎಂದು ತುಳುವಿನಲ್ಲಿ ಗೊಣಗಿದೆ.

“ಯಾಕೆ ಹೋಗ್ತದೆ ಮಾರಾಯ? ಮೊದ್ಲು ಈ ಬೋರ್ಡು ತೆಕ್ಕೊ, ಕೈ ನೋಯ್ತಾ ಉಂಟು” ಎಂದರು ಅವರು, ತುಳುವಿನಲ್ಲೇ. ನನ್ನ ಅಜ್ಜಿ ಆಡುತ್ತಿದ್ದಂಥ ಹಳೇ ತುಳು.

ನಾನು ಕಾರಿನ ಹಿಂದಿನ ಬಾಗಿಲು ತೆರೆದೆ. ಅವರು ಮುಂದೆ ಬಂದು ನನ್ನ ಪಕ್ಕ ಕೂತರು. ನಮ್ಮವರೆಲ್ಲ ಕೂರುವ ಸೀಟು ಅದು. ದಾರಿಯಲ್ಲಿ ತಡೆಯಲಾಗದೆ ಕೇಳಿಬಿಟ್ಟೆ, “ಸಾರ್, ನೀವು ನಿಜವಾಗಿ ಬ್ರಿಟಿಷಾ?”

“ಪಾಸ್‌ಪೋರ್ಟ್ ತೋರಿಸ್ಬೇಕಾ?”

“ಬೇಡ ಸಾರ್.”

“ಅಲ್ಲಿಯವರೂ ಹೀಗೇ ಕೇಳ್ತಾರೆ. ಹುಟ್ಟಿದ್ದು ಅಲ್ಲೇ ಅಂದ್ರೆ, ಅದು ಸರಿ, ನಿಜವಾಗಿ ಯಾವ ಊರು ಅಂತಾರೆ. ಉಡುಪಿ ಅಂದ್ರೆ ಅವರಿಗೆ ಸಮಾಧಾನ. ಉಡುಪಿ ನಾನು ನೋಡಿದ್ದು ಒಂದೇ ಸಲ.”

ಪಾಪ ಅನಿಸಿತು. ಆದರೆ ಅವರಿಗಿಂತ ಹೆಚ್ಚು ನನ್ನ ಬಗ್ಗೆಯೇ ಪಾಪ ಅನಿಸಿತು. “ಸಾರ್, ಮಾಲೀಕರಿಗೆ ಹೇಳ್ತೀರಾ?”

ಇಂಡಸ್ಟ್ರಿಯಲ್ ಏರಿಯಾದ ಆಫೀಸಿನ ಮುಂದೆ ಮಾಲೀಕರು ಕಾಯುತ್ತಿದ್ದರು. ಇವರನ್ನು ದಾಟಿ ನೇರ ಕಾರಿನ ಹಿಂದಿನ ಸೀಟಿಗೆ ಇಣುಕಿ, ನನ್ನ ಮೇಲೆ ಗದರಿದರು, “ಬ್ರಿಟಿಷ್ ಎಲ್ಲಿ?”

ಮ್ಯಾನೇಜರು ನನ್ನ ಕೈಯಿಂದ ಬೋರ್ಡು ತೆಗೆದುಕೊಂಡು ಮತ್ತೆ ಎದೆಗೆ ಹಿಡಿದು ನಿಂತರು. ಮಾಲೀಕರ ಮುಖ ನೋಡಿದೆ. ನನ್ನನ್ನು ಊರಿಗೆ ಕಳಿಸುವುದಾದರೆ ಅವರೂ ಜೊತೆಗೆ ಬರಬೇಕಿತ್ತು. ಆ ಮಾತು ಅಲ್ಲಿಗೇ ನಿಂತಿತು.

ನಾನು ಬುದ್ಧಿ ಕಲಿತೆ. ಮೊನ್ನೆ ಇನ್ನೊಬ್ಬ ಬ್ರಿಟಿಷ್ ಇಂಜಿನಿಯರನ್ನು ಕರೆತರಲು ಹೋದಾಗ ಬಣ್ಣ ನೋಡಲೇ ಇಲ್ಲ. ಅಂದರೆ, ಕಪ್ಪಗಿದ್ದವರನ್ನೇ ಒಬ್ಬೊಬ್ಬರಾಗಿ ಹಿಡಿದು “ಸಾರ್, ಬ್ರಿಟಿಷಾ?” ಎಂದು ಕೇಳಿದೆ. ಕಾಸರಗೋಡಿನವರೊಬ್ಬರು, “ಎಂತ, ತಮಾಷೆಯಾ?” ಎಂದು ಜೋರು ಮಾಡಿದರು. ಕೈ ಮುಗಿದು ಹಿಂದಕ್ಕೆ ತಿರುಗಿದೆ. ಕಂಬಕ್ಕೆ ಒರಗಿಸಿದ್ದ ನನ್ನ ಬೋರ್ಡನ್ನು ಎತ್ತಿಕೊಂಡು ಒಬ್ಬ ಬಿಳಿಯವನು ಕಾಯುತ್ತ ನಿಂತಿದ್ದ.