ಲಿಪಿಡ್ಡು, ಗೋಡೆ ಮತ್ತು ಅಣ್ಣನ ಆಡು

ಅರ್ಥವಾಗದ ಮಾತಿಗೆ ಗಂಭೀರವಾಗಿ ತಲೆಯಾಡಿಸುವುದು ನನ್ನ ಹುಟ್ಟುಗುಣ. ಕುಷ್ಟಗಿಯಲ್ಲಿ ಕನ್ನಡ ಮಾಸ್ತರನಾಗಿ ಇಷ್ಟು ವರ್ಷ ಮರ್ಯಾದೆಯಿಂದ ಬಾಳಿದ್ದು ಬಹುಪಾಲು ಇದರಿಂದಲೇ. ಹೋದ ಬೇಸಿಗೆಯಲ್ಲಿ ಈ ಗುಣಕ್ಕೊಂದು ಪರೀಕ್ಷೆ ಬಂತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವ ಮಗಳು ಶಾರದೆ ರಜೆಗೆ ಬಂದಿದ್ದಳು. ಕೊಪ್ಪಳದ ಕಾಲೇಜೊಂದರಲ್ಲಿ ಕನ್ನಡದಲ್ಲಿ ಮಾತಾಡಬೇಕಂತೆ. ಬರೆದದ್ದನ್ನು ತಿದ್ದಿಕೊಡಿ ಎಂದು ನನ್ನ ಮುಂದಿಟ್ಟಳು. ಗಿಡದ ಕೋಶದ ಗೋಡೆ ಕಟ್ಟುವುದರಲ್ಲಿ ಪೊರೆಯ ಲಿಪಿಡ್ಡುಗಳ ಪಾತ್ರ, ಇದು ವಿಷಯ.

ಲಿಪಿಡ್ಡು ನನಗೆ ಹೊಸದಲ್ಲ. ರಕ್ತಪರೀಕ್ಷೆಯಲ್ಲಿ ಅದು ಜಾಸ್ತಿ ಎಂದೇ ಡಾಕ್ಟರು ನನಗೆ ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿ ಬಿಡಿಸಿದ್ದು. "ಗಿಡಕ್ಕೂ ಬಂತೇನವ್ವಾ ಇದು? ಅವು ಮಿರ್ಚಿ ತಿನ್ನಂಗಿಲ್ಲಲ್ಲ" ಎಂದೆ. ಶಾರದೆ ನಗಲಿಲ್ಲ. "ಅಪ್ಪಾ, ಗೋಡಿಗೆ ಬೇಕಾದ ನೂಲು ಮಾಡೋ ಯಂತ್ರ ಪೊರಿಯೊಳಗ ಕುಂತಿರತೈತಿ. ಸುತ್ತಲಿನ ಲಿಪಿಡ್ ಸರಿ ಇದ್ರ ಯಂತ್ರ ಸರಿ ನಡೀತೈತಿ, ನೂಲು ಹೊರಗ ಬಂದು ಗೋಡಿ ಆಗತೈತಿ." ನಾನು ತಲೆಯಾಡಿಸಿದೆ. ನೂಲಿನಿಂದ ಗೋಡೆ ಹೇಗೆ ಏಳುತ್ತದೆ, ಪೊರೆ ಇದ್ದ ಮೇಲೆ ಗೋಡೆ ಯಾಕೆ, ಒಂದೂ ಹೊಳೆಯಲಿಲ್ಲ. ಆದರೂ ಮಾಸ್ತರ ಸುಮ್ಮನೆ ಕೂರಬಾರದಲ್ಲ. ಲಿಪಿಡ್ಡನ್ನು ಹೊಡೆದುಹಾಕಿ ಅಚ್ಚಗನ್ನಡದಲ್ಲಿ 'ಕೊಬ್ಬು' ಎಂದು ಬರೆದು ಗಟ್ಟಿಯಾಗಿ ಓದಿದೆ: "ಕೊಬ್ಬಿಲ್ಲದೆ ಗೋಡೆ ಏಳದು."

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಕೈ ನಿಂತಿತು. "ಈಗ ಖರೇ ಹೇಳಿದ್ರಿ ನೋಡ್ರಿ" ಎಂದಳು.

ಅದು ಗಿಡಕ್ಕೆ ಹೇಳಿದ್ದಲ್ಲ. ನಮಗೂ ಪಕ್ಕದ ಮನೆಯಲ್ಲಿರುವ ನನ್ನ ಸ್ವಂತ ಅಣ್ಣನಿಗೂ ಒಂದೇ ಅಂಗಳ. ಅವನ ಆಡು ನನ್ನ ಕರಿಬೇವಿನ ಗಿಡ ಬೋಳಿಸಿದ್ದಕ್ಕೆ ನಾನು ಕೂಗಾಡಿದ್ದೆ. "ತಮ್ಮಾ, ನಿನಗ ಕೊಬ್ಬು ಬಂದೈತಿ" ಎಂದ ಅಣ್ಣ ಅಂದಿನಿಂದ ಮಾತು ಬಿಟ್ಟಿದ್ದ. ನಾನು ಅಂಗಳದ ನಡುವೆ ಗೋಡೆ ಎಬ್ಬಿಸಲು ಕಲ್ಲು ಇಳಿಸಿದ್ದೆ. ಮರುದಿನ ಗೌಂಡಿ ಬರುವವನಿದ್ದ. ದಿನಾ ಸಂಜೆ ಚಹಾಕ್ಕೆ ಬರುತ್ತಿದ್ದ ಅಣ್ಣ ಬಾರದೆ ನನಗೆ ಬಹಳ ಬೇಜಾರಾಗಿತ್ತು, ಆದರೆ ಕಲ್ಲು ಬಂದುಬಿಟ್ಟಿತ್ತು.

"ಹಂಗಾದ್ರ ಗೋಡಿ ಕೆಟ್ಟದ್ದೇನವ್ವಾ?" ಎಂದು ಮಗಳನ್ನು ಕೇಳಿದೆ.

"ಗೋಡಿ ಇಲ್ಲಂದ್ರ ಗಿಡ ನಿಲ್ಲೂದ ಇಲ್ಲಪ್ಪಾ. ಆದ್ರ ಗೋಡ್ಯಾಗ ಸಣ್ಣ ಸಣ್ಣ ಕಿಂಡಿ ಇರತಾವ. ಬಾಜೂ ಕೋಶದ ಜೋಡಿ ಕೊಡೂದು ತೊಗೊಳ್ಳೂದು ಎಲ್ಲಾ ಅದರಾಗ" ಎನ್ನುತ್ತ ಅವಳು ನನ್ನ ಕೊಬ್ಬನ್ನು ಅಳಿಸಿ ಮತ್ತೆ ಲಿಪಿಡ್ ಎಂದು ಬರೆದಳು.

ಕಟ್ಟಬೇಕೋ ಬೇಡವೋ ಎಂಬ ಗೊಂದಲದಲ್ಲೇ ಬೆಳಗಾಯಿತು. ಗೋಡೆ ಕಟ್ಟು, ಆದರೆ ನಡುವೆ ಒಬ್ಬರು ದಾಟುವಷ್ಟು ಕಿಂಡಿ ಬಿಡು ಎಂದು ಗೌಂಡಿಗೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗೆಯೇ ಕಟ್ಟಿಹೋದ.

ಕಿಂಡಿಯಿಂದ ಮೊದಲು ಬಂದದ್ದು ಆಡು. ಅದರ ಹಿಂದೆ ಅಣ್ಣ. "ಗೋಡಿ ಕಟ್ಟಿ ದಾರಿ ಯಾಕ ಬಿಟ್ಟಿ ತಮ್ಮಾ?" ಎಂದ. ನಿನಗಾಗಿ ಎನ್ನಲು ಬಾಯಿ ಬರಲಿಲ್ಲ. ಪೊರೆ, ನೂಲು, ಲಿಪಿಡ್ಡು ಎಂದು ಬಾಯಿಗೆ ಬಂದದ್ದನ್ನು ವಿವರಿಸಿದೆ. ಅಣ್ಣ ಕಟ್ಟೆಯ ಮೇಲೆ ಕುಳಿತು ಹುಬ್ಬು ಗಂಟಿಕ್ಕಿ, ಥೇಟು ನನ್ನ ಹಾಗೆಯೇ, ಗಂಭೀರವಾಗಿ ತಲೆಯಾಡಿಸಿದ. ಅವನಿಗೆ ಒಂದಕ್ಷರವೂ ತಿಳಿದಿಲ್ಲವೆಂದು ನನಗೆ ತಿಳಿಯಿತು.

ಹೆಂಡತಿ ಇಬ್ಬರಿಗೂ ಚಹಾ ತಂದಿಟ್ಟಳು. ಅಷ್ಟರಲ್ಲಿ ಆಡು ಕರಿಬೇವಿನ ಹೊಸ ಚಿಗುರಿಗೆ ಬಾಯಿ ಹಾಕಿತು. "ಆಡು ಇನ್ನಾ ಸಣ್ಣದೈತಿ, ತಿನ್ಲಿ ಬಿಡು" ಎಂದ ಅಣ್ಣ. ನಾನು ತಲೆಯಾಡಿಸಿದೆ, ಈ ಸಲ ಅರ್ಥವಾಗಿಯೇ.